ಹುರುಳಿ ಲೆಕ್ಕ

ನನ್ನದು ಶಾಸನದ ಅಚ್ಚು ತೆಗೆಯುವ ಕೆಲಸ.
ಅಕ್ಷರದ ಮುಖ ಗೊತ್ತು, ಮಾತು ಗೊತ್ತಿಲ್ಲ.
ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ,
ಕುಂಚದಿಂದ ತಟ್ಟಿ ತಟ್ಟಿ ಮಸಿಯುಂಡೆ ಒತ್ತಿದರೆ
ಕಪ್ಪಿನೊಳಗಿಂದ ಬೆಳ್ಳಗೆ ಎದ್ದು ಬರುತ್ತಿತ್ತು
ಯಾವನೋ ಸತ್ತದ್ದು, ಯಾರೋ ಅತ್ತದ್ದು.
ಓದುವುದು ದೊರೆಯ ಪಾಲು.

ದೊರೆ ಅಂದರೆ ದೊರೆಯಲ್ಲ. ಕ್ರೋನರ್ ಅಂತ,
ಬ್ರೆಸ್ಲಾವ್ ಅನ್ನುವ ಊರಿನಿಂದ ಓಡಿ ಬಂದವನು.
ದುದ್ದದವರ ಬಾಯಲ್ಲಿ ಕರುಣಯ್ಯ.
ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ಒಂದು ಕೋಣೆ,
ಒಂದು ಬೈಸಿಕಲ್ಲು, ಕಾಲರು ಮಗುಚಿ ಹೊಲಿದ ಎರಡು ಅಂಗಿ.
ಶನಿವಾರ ಕಲ್ಲು ಮುಟ್ಟುತ್ತಿರಲಿಲ್ಲ;
ಶನಿಕಾಟವಿರಬೇಕು ಅಂದುಕೊಂಡಿದ್ದೆವು.

ಅಚ್ಚನ್ನು ತಿರುಗಿಸಿ ಬಿಸಿಲಿಗೆ ಹಿಡಿದು
ಹಿಂಬದಿಯಿಂದ, ಬಲದಿಂದ ಎಡಕ್ಕೆ, ಓದುತ್ತಿದ್ದ.
"ನಮ್ಮಜ್ಜನ ಪುಸ್ತಕ ನಡೆಯುವುದೇ ಹೀಗೆ, ಕಾಳಾಚಾರಿ.
ಮೂಳೆ ಮಾತ್ರ ಬರೆಯುತ್ತೇವೆ, ಉಸಿರು ಓದುವವನದು.
ನಿಮ್ಮಲ್ಲಿ ತಲಕಟ್ಟು, ಗುಡಿಸು, ಕೊಂಬು, ಏತ್ವ...
ಉಸಿರನ್ನೂ ಕಲ್ಲಿಗೆ ಕಟ್ಟಿ ಹಾಕಿದ್ದೀರಿ. ಅನುಕೂಲಸ್ಥರು."

ಹಲ್ಲುದುರಿದ ಸಾಲಿಗೆ ಅವನದೊಂದು ಲೆಕ್ಕ.
ಐವತ್ತು ತೆಂಗಿನ ಚಿಪ್ಪು, ಒಂದು ಸೇರು ಹುರುಳಿ.
ಗಕಾರ ಬಂದರೆ ಗಕಾರದ ಚಿಪ್ಪಿಗೊಂದು ಕಾಳು.
ಯಾವುದು ಪದೇ ಪದೇ ಬರುತ್ತದೆ, ಯಾವುದು ನಾಚುತ್ತದೆ,
ಯಾವುದರ ಬೆನ್ನಿಗೆ ಯಾವುದು ಬಂದೇ ಬರುತ್ತದೆ,
ಚಿಪ್ಪುಗಳ ನಡುವೆ ಚಕ್ಕಳಮಕ್ಕಳ ಕೂತು
ಇರುವ ಅಕ್ಷರಗಳಿಂದ ಇಲ್ಲದ್ದರ ಬಾಯಿ ಬಿಡಿಸುತ್ತಿದ್ದ.

ಯುದ್ಧ ಬಂತು. ಮೊದಲು ಪೊಲೀಸರು: "ಜರ್ಮನಿಯವನು."
ಓಡಿಸಿದವರ ಹೆಸರಿನಲ್ಲೇ ಅವನನ್ನು ಹಿಡಿದರು.
ಎಂಟು ತಿಂಗಳಿಗೆ ಬಿಟ್ಟರು.
ಆಮೇಲೆ ಕಾರಿನಲ್ಲಿ ಬಂದ ಒಬ್ಬ ಕ್ಯಾಪ್ಟನ್
ಬಾಗಿಲಲ್ಲೇ ನಿಂತು ಚಿಪ್ಪುಗಳನ್ನು ನೋಡಿದ,
ಬಹಳ ಹೊತ್ತು ನೋಡಿದ, ಟೋಪಿ ತೆಗೆದ.
ಮಾರನೆಯ ಬೆಳಿಗ್ಗೆ ಅರಸೀಕೆರೆ ರೈಲು.
"ಎಲ್ಲಿಗೆ?" ಅಂದೆ. "ಕಲ್ಲು ಓದಲಿಕ್ಕೆ."
"ಯಾವೂರ ಕಲ್ಲು?"
"ಗಾಳಿಯಲ್ಲಿದೆ."

ನಾಲ್ಕು ವರ್ಷ.
ದೆಹಲಿಯಲ್ಲಿ ಜಪಾನಿನವರ ತಂತಿಗೆ
ಕಿವಿಗೊಟ್ಟು ಕೂರುತ್ತಾರಂತೆ ಎಂದು
ತಂತಿ ಆಫೀಸಿನ ಗುಂಡಣ್ಣ ಪಿಸುಗುಟ್ಟಿದ.
ದೊರೆಯ ಹೆಸರಿಗೆ ರೆಡ್‌ಕ್ರಾಸಿನ ಕಾಗದ,
ಇಪ್ಪತ್ತೈದೇ ಮಾತಿನದು, ಅವರಮ್ಮನದಂತೆ,
ಎರಡು ಬಂದವು. ಅಕ್ಕಿ ಡಬ್ಬದ ಕೆಳಗಿಟ್ಟೆ.
ಮೂರನೆಯದು ಬರಲಿಲ್ಲ.

ನಲವತ್ತಾರರಲ್ಲಿ ಬಂದ. ತಲೆ ಪೂರಾ ನೆರೆತಿತ್ತು.
ಮೊದಲು ಕೇಳಿದ್ದು ಚಿಪ್ಪುಗಳನ್ನು.
ರೇಷನ್ನಿನ ಒಂದು ವಾರ ಮನೆಯಲ್ಲಿ ಏನೂ ಇಲ್ಲದೆ
ನಮ್ಮವ್ವ ಅಷ್ಟನ್ನೂ ಬೇಯಿಸಿ ಬಸ್ಸಾರು ಮಾಡಿದ್ದಳು,
ಕಕಾರದಿಂದ ೞಕಾರದ ತನಕ.
ಹೇಳಿದೆ. ನಕ್ಕ. ನಗು ನಿಲ್ಲಿಸಲು ಬಾರದೆ ಗೋಡೆ ಹಿಡಿದುಕೊಂಡ.
"ಉಪ್ಪು ಸರಿಯಿತ್ತೇ?" ಅಂದ.

ಕಾಗದ ಕೊಟ್ಟೆ.
ಓದಿದ. ಬಿಸಿಲಿಗೆ ಹಿಡಿದು ಹಿಂಬದಿಯಿಂದಲೂ ಓದಿದ.
ಹಡಗೆಷ್ಟು, ಅಕ್ಕಿ ಮೂಟೆಯೆಷ್ಟು,
ಯಾವ ಸೇತುವೆ, ಯಾವ ರಾತ್ರಿ,
ಎಲ್ಲ ಗಾಳಿಯಿಂದ ಹೆಕ್ಕಿ ತೆಗೆದ ಕಿವಿಗೆ
ಒಬ್ಬ ಮುದುಕಿಯ ರೈಲು ಎತ್ತ ಹೋಯಿತೆಂದು
ಯಾರೂ ತಂತಿ ಕಳಿಸಿರಲಿಲ್ಲ.
ಇದನ್ನು ಅವನು ಹೇಳಿದ್ದಲ್ಲ. ಯಾವ ಮಾತು ಎಷ್ಟು ಸಲ ನುಂಗಿದನೆಂದು
ನಾನೇ ಕಾಳು ಹಾಕಿ ಕೂಡಿಸಿದ್ದು.

ದುದ್ದದ ಕೆರೆ ಏರಿಯ ವೀರಗಲ್ಲಿಗೆ ಮತ್ತೆ ಹೋದೆವು.
ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲ ಕಲ್ಲಿಗೂ ಅದೇ:
ಇದನ್ನು ಅಳಿದವನು ಕಾಶಿಯಲ್ಲಿ
ಸಾವಿರ ಕವಿಲೆ ಕೊಂದ ಪಾಪಕ್ಕೆ ಹೋಗಲಿ.
ಬೆರಳಿಟ್ಟು ಎರಡು ಸಲ ಓದಿದ.
"ಸಾವಿರ ಸಾಲದು" ಅಂದ.

ವೀರನ ಹೆಸರಿದ್ದ ಜಾಗ ಸೀಳಿಹೋಗಿತ್ತು.
"ಹುರುಳಿ ತರಲಾ?"
"ಬೇಡ. ಗೊತ್ತಿಲ್ಲದ್ದನ್ನು ತುಂಬಬಾರದು."
ನಾಲ್ಕು ಅಕ್ಷರದ ಜಾಗಕ್ಕೆ ನಾಲ್ಕು ಚುಕ್ಕಿ ಇಟ್ಟ.

ಆ ಹಾಳೆ ನನ್ನಲ್ಲೇ ಉಳಿಯಿತು.
ಚುಕ್ಕಿಗಳ ಕೆಳಗೆ ಪೆನ್ಸಿಲಿನಲ್ಲಿ, ಬಲದಿಂದ ಎಡಕ್ಕೆ,
ಚಿಕ್ಕದಾಗಿ ಏನೋ ಬರೆದಿದ್ದಾನೆ.
ಬರೀ ಮೂಳೆ.
ಓದಬಲ್ಲವರು ಈ ಕಡೆ ಬಂದರೆ ತೋರಿಸುತ್ತೇನೆ.